ಎರಡು ನಕ್ಷತ್ರ ಕೂಡಿಕೊಂಡು ಆಮೇಲೆ ಸಿಡಿಯುತ್ತವಂತೆ, ನಿಜವಾ? ಹಾಗಾದ್ರೆ ಆರಿದ್ರಾ ಯಾವಾಗ ಸಿಡಿಯುತ್ತೆ?

ದಾವಣಗೆರೆಯಿಂದ ಕೇಳುತ್ತಿದ್ದೀರಿ, ನಾನು ಪಕ್ಕದ ಚಿತ್ರದುರ್ಗದವನು. ನಿಮಗೂ ನನಗೂ ಕಾಣುವ ಆಕಾಶ ಒಂದೇ, ಹಾಗಾಗಿ ಧೈರ್ಯವಾಗಿ ಉತ್ತರ ಬರೆಯುತ್ತೇನೆ.

ಕೂಡಿಕೊಳ್ಳುವುದು ನಿಜ, ಸಿಡಿಯುವುದೂ ನಿಜ. ಆದರೆ ಕೂಡಿದ ತಕ್ಷಣ ಢಮಾರ್ ಅನ್ನೋದಿಲ್ಲ. ನಡುವೆ ಸಾವಿರಾರು ವರ್ಷ, ಲಕ್ಷಾಂತರ ವರ್ಷವೂ ಇರಬಹುದು. ಸಿಡಿಸುವುದು ಒಳಗಿನ ತಿರುಳು. ಜೊತೆಗಾರ ನಕ್ಷತ್ರ ಮಾಡುವುದು ಬೇರೆ ಕೆಲಸ.

ಸೂರ್ಯನ ಎಂಟು ಪಟ್ಟಿಗಿಂತ ಜಾಸ್ತಿ ತೂಕದ ನಕ್ಷತ್ರ ಹೈಡ್ರೋಜನ್ ಉರಿಸಿ ಹೀಲಿಯಂ ಮಾಡುತ್ತದೆ. ಮಂಡಕ್ಕಿ ಭಟ್ಟಿಯ ಬೂದಿಗೆ ಮತ್ತೆ ಬೆಂಕಿ ಹತ್ತೋದಿಲ್ಲ, ಇಲ್ಲಿ ಹತ್ತುತ್ತದೆ. ಹೀಲಿಯಂ ಉರಿದು ಕಾರ್ಬನ್, ಆಕ್ಸಿಜನ್. ಆಮೇಲೆ ಅವೂ ಉರಿಯುತ್ತವೆ. ಸೂರ್ಯನ 20 ಪಟ್ಟು ತೂಕದ್ದಾದರೆ ಹೈಡ್ರೋಜನ್ ಸುಮಾರು 80 ಲಕ್ಷ ವರ್ಷ ಬರುತ್ತದೆ, ಹೀಲಿಯಂ ಹತ್ತು ಲಕ್ಷದ ಆಸುಪಾಸು, ಕಾರ್ಬನ್ ಕೆಲವು ನೂರು ವರ್ಷ. ಕೊನೆಯ ಸಿಲಿಕಾನ್ ಕೆಲವೇ ದಿನ! ಅಲ್ಲಿಗೆ ತಿರುಳು ಕಬ್ಬಿಣವಾಯಿತು. ಕಬ್ಬಿಣವನ್ನು ಬೆಸೆದರೆ ಶಕ್ತಿ ಹುಟ್ಟೋದಿಲ್ಲ. ಭೂಮಿಯಷ್ಟು ಅಗಲದ, ಸೂರ್ಯನಿಗಿಂತ ತೂಕದ ಆ ತಿರುಳು ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ. ಅದೇ ಸೂಪರ್‌ನೋವಾದ, ಅಂದರೆ ನಕ್ಷತ್ರದ ಸಿಡಿತದ, ಶುರು.

ಈಗ ಜೊತೆಗಾರನ ವಿಷಯಕ್ಕೆ ಬರೋಣ. ಇಂಥ ದೊಡ್ಡ ನಕ್ಷತ್ರಗಳು ಒಂಟಿಯಾಗಿರೋದೇ ಅಪರೂಪ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕದಲ್ಲಿ, ಅತಿ ಭಾರದ ನಕ್ಷತ್ರಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚಿನವು ಜೊತೆಗಾರನೊಂದಿಗೆ ಅನಿಲ ಕೊಟ್ಟು ತೆಗೆದುಕೊಳ್ಳುತ್ತವೆ. ಅವುಗಳಲ್ಲಿ ಮೂರನೇ ಒಂದು ಪಾಲು ಕೂಡಿ ಒಂದೇ ಆಗಿಬಿಡುತ್ತವೆ. ದೊಡ್ಡದು ವಯಸ್ಸಾಗುತ್ತಾ ಊದಿಕೊಳ್ಳುತ್ತದೆ, ಅದರ ಹೊರಪದರ ಚಿಕ್ಕದರ ಕಡೆಗೆ ಸುರಿಯುತ್ತದೆ. ಸುರಿತ ಮಿತಿ ಮೀರಿದರೆ ಚಿಕ್ಕದು ಆ ಅನಿಲದೊಳಗೇ ಮುಳುಗುತ್ತದೆ. ಮುಳುಗಿ, ಸುತ್ತುತ್ತಾ ಸುತ್ತುತ್ತಾ ಒಳಕ್ಕೆ ಇಳಿಯುತ್ತದೆ. ಇದು ಬರೀ ಕಂಪ್ಯೂಟರ್ ಲೆಕ್ಕ ಅಲ್ಲ. 2008ರಲ್ಲಿ ಕೂಡಿಕೊಂಡು ಭುಗಿಲೆದ್ದ ವಿ1309 ಸ್ಕಾರ್ಪಿಯೈ ಅನ್ನುವ ಜೋಡಿಯ ಹಳೇ ದಾಖಲೆ ತೆಗೆದು ನೋಡಿದರೆ, ಸುಮಾರು 1.4 ದಿನಕ್ಕೊಮ್ಮೆ ಸುತ್ತುತ್ತಿದ್ದ ಅದರ ಸುತ್ತು ಅದಕ್ಕೂ ಮೊದಲೇ ವರ್ಷ ವರ್ಷವೂ ಚಿಕ್ಕದಾಗುತ್ತಾ ಬಂದಿತ್ತು. ಅವು ಸೂರ್ಯನಂಥ ಸಾಧಾರಣ ನಕ್ಷತ್ರಗಳು ಅನ್ನೋದು ಬೇರೆ ಮಾತು.

ನನಗೆ ಎಲ್ಲಕ್ಕಿಂತ ಗಟ್ಟಿ ಉದಾಹರಣೆ ಅನ್ನಿಸೋದು 1987ಎ ಅನ್ನುವ ಸೂಪರ್‌ನೋವಾ. 1987ರ ಫೆಬ್ರವರಿಯಲ್ಲಿ ಸುಮಾರು 1,68,000 ಬೆಳಕಿನ ವರ್ಷ ದೂರದ ದೊಡ್ಡ ಮೆಗೆಲ್ಲಾನಿಕ್ ಮೋಡ ಅನ್ನುವ ಪಕ್ಕದ ಪುಟ್ಟ ಗ್ಯಾಲಕ್ಸಿಯಲ್ಲಿ ಸಿಡಿತ ಕಂಡಿತು. ಹಳೇ ಫೋಟೋಗಳಲ್ಲಿ ಹುಡುಕಿದಾಗ ಸಿಡಿದ ನಕ್ಷತ್ರವೂ ಸಿಕ್ಕಿತು. ನೋಡಿದರೆ ಅದು ನೀಲಿ! ಸಾಯುವ ಹೊತ್ತಿಗೆ ಊದಿ ಕೆಂಪಾಗಿರಬೇಕಿತ್ತು. ಜೊತೆಗೆ ಅದರ ಸುತ್ತ ಮೂರು ಉಂಗುರ. ಅವು ಸಿಡಿತಕ್ಕೆ ಸುಮಾರು 20,000 ವರ್ಷ ಮೊದಲೇ ಹೊರಬಿದ್ದ ಅನಿಲ. ಒಂಟಿ ನಕ್ಷತ್ರದ ಲೆಕ್ಕ ಹಿಡಿದು ಇವೆರಡನ್ನೂ ಒಟ್ಟಿಗೆ ವಿವರಿಸೋದು ಕಷ್ಟ. ಒಂದು ದೊಡ್ಡ ನಕ್ಷತ್ರ ಚಿಕ್ಕದೊಂದನ್ನು ನುಂಗಿತು, ಜೋರಾಗಿ ತಿರುಗುತ್ತಾ ಅನಿಲ ಚೆಲ್ಲಿತು, ಆಮೇಲೆ ಕುಗ್ಗಿ ನೀಲಿಯಾಯಿತು ಅಂದರೆ ಎರಡೂ ಸರಿಹೊಂದುತ್ತವೆ. ಹೆಚ್ಚಿನವರು ಒಪ್ಪುವ ವಿವರಣೆ ಇದೇ.

ಫೆಬ್ರವರಿ ಮೊದಲ ವಾರ ರಾತ್ರಿ ಒಂಬತ್ತು, ಒಂಬತ್ತೂವರೆಗೆ ಹೊರಗೆ ಬನ್ನಿ. ಆರಿದ್ರಾ, ಅಂದರೆ ಬೀಟಲ್‌ಜ್ಯೂಸ್, ಹೆಚ್ಚುಕಮ್ಮಿ ನೆತ್ತಿಯ ಮೇಲೆ ಕೆಂಪಗೆ ಇರುತ್ತದೆ. ಅದೇ ಹೊತ್ತಿಗೆ ಅಲ್ಲಿಂದ ನೇರ ದಕ್ಷಿಣಕ್ಕೆ ಇಳಿದರೆ, ದಿಗಂತಕ್ಕಿಂತ ಆರೇಳು ಡಿಗ್ರಿ ಮೇಲೆ 1987ಎ ಇರುವ ಜಾಗ. ನಮ್ಮ ಕಡೆ ಗುಡ್ಡ, ಧೂಳು ಅಡ್ಡ ಬರುತ್ತವೆ, ಕಾಣುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಆರಿದ್ರಾ ಮಳೆಯ ಹೊತ್ತಲ್ಲಂತೂ ಮೋಡ ಇಲ್ಲದಿದ್ದರೂ ಆರಿದ್ರಾ ಕಾಣೋದಿಲ್ಲ. ಸೂರ್ಯ ಆಗ ಅದೇ ದಿಕ್ಕಲ್ಲಿರುತ್ತಾನಲ್ವಾ?

2020ರ ಶುರುವಿನಲ್ಲಿ ಆರಿದ್ರಾ ಮಂಕಾದಾಗ "ಇವತ್ತೋ ನಾಳೆಯೋ ಸಿಡಿಯುತ್ತೆ" ಅಂತ ವಾಟ್ಸಾಪ್‌ನಲ್ಲಿ ಸುಮ್ನೆ ಹಬ್ಬಿಸಿದರು. ಅದು ನಕ್ಷತ್ರವೇ ಉಗುಳಿದ ಧೂಳಿನ ಮರೆ. ಆರಿದ್ರಾ ಇಷ್ಟು ಊದಿಕೊಂಡಿದ್ದರೂ ಲೆಕ್ಕಕ್ಕಿಂತ ಜೋರಾಗಿ ತಿರುಗುವಂತೆ ಕಾಣುತ್ತದೆ. ಹಿಂದೆ ಒಬ್ಬ ಜೊತೆಗಾರನನ್ನು ನುಂಗಿರಬಹುದು ಅನ್ನೋ ಗುಮಾನಿ ಹುಟ್ಟಿದ್ದೂ ಅದಕ್ಕೇ. 2025ರಲ್ಲಿ ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕದಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಪುಟ್ಟ ಸಂಗಾತಿ ಮಸುಕಾಗಿ ಕಂಡಿದೆ. ಆರು ವರ್ಷಕ್ಕೊಂದು ಸುತ್ತು. ಅದು ನಿಜವಾದರೆ, ಸುಮಾರು ಹತ್ತು ಸಾವಿರ ವರ್ಷದೊಳಗೆ ಅದೂ ಒಳಗೆ ಹೋಗುತ್ತದೆ.

ಸಿಡಿತಕ್ಕೆ ಇನ್ನೂ ಲಕ್ಷ ವರ್ಷದ ಲೆಕ್ಕ ಹೇಳುವವರೇ ಜಾಸ್ತಿ. ನಾಳೆಯೇ ಸಿಡಿದರೂ ಐನೂರು ಬೆಳಕಿನ ವರ್ಷಕ್ಕೂ ಆಚೆ ಇರುವುದರಿಂದ ನಮಗೆ ತೊಂದರೆ ಇಲ್ಲ. ಹಗಲಲ್ಲೂ ಕಾಣುವಷ್ಟು ಬೆಳಗುತ್ತದೆ, ಅಷ್ಟೇ.