ಹುಲ್ಲುಹಾಸಿನ ಪಾಚಿಗೆ ಮೈಲುತುತ್ತ ಬೇಡ

ಪ್ರಶ್ನೆ: ನಮ್ಮ ಮನೆ ಸಾಗರದಲ್ಲಿ. ಹಿತ್ತಲಲ್ಲಿ 30x20 ಅಡಿ ಹುಲ್ಲುಹಾಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಪಾಚಿ. ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣ ಸುರಿದರೆ ಹೋಗುತ್ತದಂತೆ, ಹೌದೆ? ಕಡಿಮೆ ಖರ್ಚಿನ ದಾರಿ ಹೇಳಿ.

ಸುರಿಯಬೇಡಿ. ಎಷ್ಟು ಸಲ ಹೇಳಿದರೂ ಮಲೆನಾಡಿನಿಂದ ಈ ಪ್ರಶ್ನೆ ಬರುವುದು ನಿಂತಿಲ್ಲ. ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ. ಮೈಲುತುತ್ತದ ತಾಮ್ರ ಮಣ್ಣಿನಲ್ಲೇ ಉಳಿದು ವರ್ಷವರ್ಷ ಕೂಡಿಕೊಳ್ಳುತ್ತದೆ, ಎರೆಹುಳುವಿಗೆ ಅದು ವಿಷ. ಎರೆಹುಳು ಹೋದ ನೆಲ ಇನ್ನೂ ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ, ಮುಂದಿನ ಆಷಾಢಕ್ಕೆ ಪಾಚಿ ದುಪ್ಪಟ್ಟು. ಉಪ್ಪು ಎರಚಿ ಎನ್ನುವವರ ಮಾತೂ ಕೇಳಬೇಡಿ, ಹುಲ್ಲೂ ಸುಟ್ಟುಹೋಗುತ್ತದೆ.

ಪಾಚಿ ಹುಲ್ಲನ್ನು ಕೊಲ್ಲುವುದಿಲ್ಲ, ಹುಲ್ಲು ಸೊರಗಿ ಬಿಟ್ಟ ಜಾಗಕ್ಕೆ ಬರುತ್ತದೆ. ಅದಕ್ಕೆ ಬೇರಿಲ್ಲ, ಬೆರಳಲ್ಲಿ ಎತ್ತಿದರೆ ಚಾಪೆಯಂತೆ ಏಳುತ್ತದೆ. ಎದ್ದ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಎರಡು ಇಂಚಿಗೇ ನಿಂತರೆ ನೆಲ ಬಿಗಿದಿದೆ ಎಂದರ್ಥ. ಮಾಡಿನ ನೀರು ನೇರ ಅಲ್ಲಿಗೇ ಬೀಳುತ್ತಿದೆಯೇ ಎಂದೂ ನೋಡಿ. ಬೀಳುತ್ತಿದ್ದರೆ ಮೊದಲು ಅಲ್ಲೊಂದು ಅಡಿ ಅಗಲ, ಒಂದು ಅಡಿ ಆಳದ ಕಾಲುವೆ ತೋಡಿ, ಒಡೆದ ಹೆಂಚು ತುಂಬಿ, ಇಳಿಜಾರಿಗೆ ದಾರಿ ಮಾಡಿಕೊಡಿ. ಇದನ್ನು ಬಿಟ್ಟು ಮುಂದಿನದೆಲ್ಲ ಮಾಡಿದರೆ ದುಡ್ಡು ದಂಡ.

ಮಳೆ ಹಿಡಿತ ಬಿಟ್ಟ ಮೇಲೆ, ಅಕ್ಟೋಬರಿನಲ್ಲಿ, ಅನ್ನಭೇದಿ ಅಂದರೆ ಫೆರಸ್ ಸಲ್ಫೇಟ್ ತನ್ನಿ. ಹರಳು ತಿಳಿ ಹಸಿರಾಗಿರಬೇಕು. ಕಂದು ತಿರುಗಿದ್ದು ಕೆಲಸಕ್ಕೆ ಬಾರದು. ಚದರ ಮೀಟರಿಗೆ 10 ಗ್ರಾಂ, ಒಂದು ಲೀಟರ್ ನೀರಿನಲ್ಲಿ. ನಿಮ್ಮ ಹುಲ್ಲುಹಾಸು ಸುಮಾರು 56 ಚದರ ಮೀಟರ್. ಪಾಚಿ ಇರುವ ಅರ್ಧಕ್ಕೆ 280 ಗ್ರಾಂ ಸಾಕು. ನೆಲ ಹಸಿಯಿದ್ದು, ಒಂದು ದಿನ ಮಳೆ ಬರದಂತಿರುವಾಗ ಗಿಡಕ್ಕೆ ನೀರು ಹಾಕುವ ತೂತುಮೂತಿಯ ಹೂಜಿಯಲ್ಲಿ ಸಮನಾಗಿ ಹಾಕಿ. ಸಿಮೆಂಟು, ಕಲ್ಲಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ. ಎರಡು ವಾರದೊಳಗೆ ಪಾಚಿ ಕಪ್ಪಾಗುತ್ತದೆ, ಆಗ ಕೆರೆದು ತೆಗೆಯಿರಿ. ಬದುಕಿರುವಾಗಲೇ ಕೆರೆದರೆ ಚೂರುಗಳು ಹರಡಿ ಮತ್ತೆ ಚಿಗುರುತ್ತವೆ.

ಬಳಿಕ ಮುಳ್ಳುಗುದ್ದಲಿಯಿಂದ ಗೇಣಿಗೆ ಎರಡರಂತೆ, ನಾಲ್ಕು ಇಂಚು ಆಳಕ್ಕೆ ಚುಚ್ಚಿ ಸ್ವಲ್ಪ ಅಲುಗಿಸಿ. ಎರಡು ಪಾಲು ದಪ್ಪ ಹೊಳೆಮರಳು, ಒಂದು ಪಾಲು ಮಣ್ಣು, ಒಂದು ಪಾಲು ಜರಡಿ ಹಿಡಿದ ಗೊಬ್ಬರ ಬೆರೆಸಿ, ಚದರ ಮೀಟರಿಗೆ ಮೂರು ಲೀಟರಿನಂತೆ ಹರಡಿ ಪೊರಕೆಯಿಂದ ತೂತಿಗೆ ತುಂಬಿಸಿ. ನುಣ್ಣನೆ ಪುಡಿಯಿರುವ ಎಂ-ಸ್ಯಾಂಡ್ ಬೇಡ, ಅದು ಕಚ್ಚಿಕೊಂಡು ಮತ್ತೆ ಗಟ್ಟಿಯಾಗುತ್ತದೆ.

ಬೋಳಾದ ಜಾಗಕ್ಕೆ ನರ್ಸರಿಯಿಂದ ಮೆಕ್ಸಿಕನ್ ಹುಲ್ಲು ತರಬೇಡಿ. ಅದಕ್ಕೂ ಗರಿಕೆಗೂ ಬಿಸಿಲು ಬೇಕೇ ಬೇಕು. ಹಲಸಿನ ಮರದ ನೆರಳಿಗೆ, ಹುಳಿ ಮಣ್ಣಿಗೆ ಒಗ್ಗುವುದು ರಸ್ತೆಬದಿಯಲ್ಲಿ ಪುಕ್ಕಟೆ ಸಿಗುವ ಅಗಲ ಎಲೆಯ ಕಾರ್ಪೆಟ್ ಹುಲ್ಲು. ಎರಡು ಗೆಣ್ಣಿರುವ ತುಂಡುಗಳನ್ನು ಅರ್ಧ ಅಡಿಗೊಂದರಂತೆ ಊರಿ, ಚಿಗುರುವ ತನಕ ನೀರು ಕೊಡಿ. ಎರಡು ಇಂಚಿಗಿಂತ ಗಿಡ್ಡ ಕತ್ತರಿಸಬೇಡಿ. ಬುಡ ಬೋಳಿಸಿದ ಹುಲ್ಲುಹಾಸಿಗೇ ಪಾಚಿ ಮೊದಲು ಬರುವುದು.

ಪ್ರಶ್ನೆ: ಸುಣ್ಣ ಅಥವಾ ಬಚ್ಚಲೊಲೆಯ ಬೂದಿ ಹಾಕಿದರೆ ಪಾಚಿ ಸಾಯುತ್ತದೆಯೇ?

ಇಲ್ಲ. ಅವು ಮಣ್ಣಿನ ಹುಳಿ ತಗ್ಗಿಸುತ್ತವೆ, ಅಷ್ಟೆ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸದೆ ಹಾಕಬೇಡಿ. ಹಾಕುವುದಾದರೂ ಅನ್ನಭೇದಿಯ ನಂತರ ಒಂದು ತಿಂಗಳು ಬಿಡಿ. ಜೊತೆಗೆ ಹಾಕಿದರೆ ಕಬ್ಬಿಣ ಗಟ್ಟಿಕಟ್ಟಿ ಎರಡೂ ವ್ಯರ್ಥ.

ಪ್ರಶ್ನೆ: ಪ್ಲಾಸ್ಟಿಕ್ ಹುಲ್ಲು ಹಾಸಿಬಿಟ್ಟರೆ?

ನೆರಳಿನಲ್ಲಿ ಅದರ ಮೇಲೂ ಪಾಚಿ ಕಟ್ಟುತ್ತದೆ.

ಪ್ರಶ್ನೆ: ಅಂಗಳದ ಕಲ್ಲು ಜಾರುತ್ತದೆ, ಬ್ಲೀಚಿಂಗ್ ಪೌಡರ್ ಹಾಕಬಹುದೇ?

ತೊಳೆದ ನೀರು ಬಾವಿಯ ಕಡೆಗೋ ಹೂವಿನ ಗಿಡಕ್ಕೋ ಹರಿಯುವುದಾದರೆ ಖಂಡಿತ ಬೇಡ. ತಂತಿ ಬ್ರಷ್ಷಿನಿಂದ ಉಜ್ಜಿ.