ಜೀಪಿನ ಮುಂದಿನ ಆಕ್ಸಲ್ ಹೌಸಿಂಗ್ ಬೆಂಡ್ ಆಗಿದೆಯಾ ಅಂತ ಮನೆಯಲ್ಲೇ ನೋಡೋದು ಹೇಗೆ?

ನೀವು ಕೇಳಿರುವುದು ಇಷ್ಟು: ತೋಟದ ಕೆಲಸಕ್ಕೆ ಇಟ್ಟುಕೊಂಡಿರುವ ಹಳೇ ಮಹೀಂದ್ರ ಫೋರ್ ವೀಲ್ ಜೀಪು. ಮೋರಿ ಹತ್ತಿರ ಎಡಗಡೆ ಚಕ್ರ ಧಡಕ್ಕನೆ ಗುಂಡಿಗೆ ಬಿತ್ತು. ಅಲ್ಲಿಂದೀಚೆಗೆ ಎಡ ಮುಂದಿನ ಟೈರು ಒಳಅಂಚಿನಲ್ಲಿ ಸವೆಯುತ್ತಿದೆ. ಅಲೈನ್‌ಮೆಂಟ್ ಮಾಡಿಸಿದರೂ ನಿಂತಿಲ್ಲ. ಗ್ಯಾರೇಜಿನವರು "ಹೌಸಿಂಗ್ ಬೆಂಡ್ ಆಗಿದೆ, ಬೇರೆ ಹಾಕಿಸಿ" ಅಂತಿದ್ದಾರೆ. ನಂಬಬಹುದಾ?

ಹೌಸಿಂಗ್ ಅಂದರೆ ಎರಡು ಚಕ್ರದ ನಡುವೆ ಇರುವ ಆಕ್ಸಲ್‌ನ ಹೊರ ಕವಚ: ನಡುವೆ ಡಿಫರೆನ್ಶಿಯಲ್ (ಎರಡು ಚಕ್ರಕ್ಕೂ ಶಕ್ತಿ ಹಂಚುವ ಹಲ್ಲುಚಕ್ರಗಳು) ಕೂರುವ ಎರಕದ ಗುಂಡಿಗೆ, ಅದರ ಎರಡೂ ಕಡೆ ಶಾಫ್ಟು ತಿರುಗುವ ಕಬ್ಬಿಣದ ಟ್ಯೂಬು. ಅದು ಬೆಂಡ್ ಆಗಿರಬಹುದು. ಆದರೆ ಅಳೆಯದೆ ಹೇಳುವ ಮಾತಲ್ಲ ಅದು. ಇಂಥ ಗಾಡಿಗಳ ಮುಂಭಾಗದ ಕೆಲಸವೇ ನನ್ನದು. ಕಣ್ಣಂದಾಜಿನಲ್ಲಿ ಹೌಸಿಂಗ್ ತೆಗೆಸಿಹಾಕುವುದನ್ನು ಜಾಸ್ತಿಯೇ ನೋಡಿದ್ದೇನೆ.

ಮೊದಲು ಅಲೈನ್‌ಮೆಂಟ್ ವಿಷಯ. ನಿಮ್ಮ ಜೀಪಿನದ್ದು ಒಂದೇ ಉದ್ದನೆಯ ಗಟ್ಟಿ ಆಕ್ಸಲ್. ಇದರಲ್ಲಿ ಟೈ ರಾಡ್ (ಎರಡು ಮುಂದಿನ ಚಕ್ರ ಜೋಡಿಸುವ ಸರಳು) ತಿರುಗಿಸಿ ಟೋ, ಅಂದರೆ ಚಕ್ರಗಳ ಮುಂಭಾಗ ಒಳಗೆ ಅಥವಾ ಹೊರಗೆ ತಿರುಗಿರುವುದನ್ನು ಮಾತ್ರ ಸರಿ ಮಾಡಬಹುದು. ಚಕ್ರದ ತಲೆ ಹೊರಗೆ ಅಥವಾ ಒಳಗೆ ವಾಲುವುದಕ್ಕೆ ಕ್ಯಾಂಬರ್ ಅಂತಾರಲ್ಲ, ಅದನ್ನು ತಿರುಗಿಸಲು ಯಾವ ಬೋಲ್ಟೂ ಇಲ್ಲ. ಅದು ತಯಾರಾಗುವಾಗಲೇ ಆಕ್ಸಲ್‌ನಲ್ಲೇ ಕೂತಿರುತ್ತೆ. ಹಾಗಾಗಿ ಕ್ಯಾಂಬರ್ ಬದಲಾಗಿದ್ದರೆ ಒಂದೋ ಏನೋ ಸವೆದಿದೆ, ಇಲ್ಲಾ ಏನೋ ಬಗ್ಗಿದೆ. ಟೋ ಮಾಡಿಸಿದರೂ ಟೈರು ತಿನ್ನುವುದು ನಿಂತಿಲ್ಲ ಅಂದರೆ ನಿಮ್ಮ ಅನುಮಾನಕ್ಕೆ ಕಾರಣ ಇದೆ.

ಸವೆತ ಮೊದಲು ನೋಡಿ. ಆಕ್ಸಲ್ ಕೆಳಗೆ ಜಾಕ್ ಕೊಟ್ಟು ಚಕ್ರ ಎತ್ತಿ. ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರಿಗೆ ಬ್ರೇಕ್ ತುಳಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಚಕ್ರದ ನಡುವಿನ ಹಬ್ ಬೇರಿಂಗ್ ಸವೆದಿದೆ. ಹಾಗೇ ಉಳಿದರೆ ಕಿಂಗ್ ಪಿನ್ (ಚಕ್ರ ಎಡಬಲಕ್ಕೆ ತಿರುಗುವ ಕೀಲು) ಬೇರಿಂಗ್. ಇವು ಬಿಗಿ ಆಗುವ ತನಕ ಮುಂದಿನ ಯಾವ ಅಳತೆಗೂ ಬೆಲೆ ಇಲ್ಲ. ಹಾಗೇ ಎರಡೂ ಕಡೆ ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ ಟೇಪ್ ಹಿಡಿಯಿರಿ, ಸ್ಟೀರಿಂಗ್ ನೇರವಾಗಿರಲಿ. ಎಡಗಡೆ ಕಡಿಮೆ ಬಂದರೆ ಪಟ್ಟಿ ಸ್ಪ್ರಿಂಗನ್ನು ಆಕ್ಸಲ್ ಮೇಲೆ ಅದರ ಜಾಗದಲ್ಲೇ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿ ಇಡೀ ಆಕ್ಸಲ್ಲೇ ಹಿಂದೆ ಸರಿದಿರಬಹುದು. ಆ ಬೋಲ್ಟು ತೀರಾ ಅಗ್ಗದ್ದು. ಹೌಸಿಂಗ್ ಪಾಪ, ಸುಮ್ನೆ ಬೈಸಿಕೊಳ್ಳುತ್ತೆ.

ಇಷ್ಟು ಆದಮೇಲೆ ಕ್ಯಾಂಬರ್ ಅಳೆಯೋಣ. ಗಾರೆ ಕೆಲಸದವರ ತೂಗುಗುಂಡು ಸಾಕು. ಎರಡು ಮುಂದಿನ ಚಕ್ರ ನಿಲ್ಲುವ ಜಾಗ ಸಮ ಇದೆಯಾ ಅಂತ ನೀರು ತುಂಬಿದ ಪಾರದರ್ಶಕ ಪೈಪಿನಲ್ಲಿ ಮಟ್ಟ ನೋಡಿಕೊಳ್ಳಿ. ಎರಡೂ ಟೈರಿನ ಗಾಳಿ ಒಂದೇ ಇರಲಿ. ಮಡ್‌ಗಾರ್ಡಿನ ಮೇಲೆ ಒಂದು ಕೋಲು ಅಡ್ಡ ಇಟ್ಟು ಅದರ ತುದಿಯಿಂದ ಗುಂಡು ಇಳಿಬಿಡಿ. ಟೈರು ಕೆಳಗಡೆ ಉಬ್ಬಿರುತ್ತೆ, ದಾರ ಅದಕ್ಕೆ ತಾಗಬಾರದು. ಈಗ ದಾರದಿಂದ ರಿಮ್ ಅಂಚಿಗೆ ಮೇಲೆ ಎಷ್ಟು, ಕೆಳಗೆ ಎಷ್ಟು ಅಂತ ಅಳೆದು ಬರೆದಿಡಿ, ಅಳೆದ ಜಾಗಕ್ಕೆ ರಿಮ್ಮಿನ ಮೇಲೆ ಗುರುತು ಹಾಕಿ. ಆಮೇಲೆ ಗಾಡಿಯನ್ನು ಚಕ್ರ ಅರ್ಧ ಸುತ್ತು ಉರುಳುವಷ್ಟು ತಳ್ಳಿ, ಮತ್ತೆ ಅಳೆಯಿರಿ. ಈ ಎರಡನೇ ಅಳತೆಯನ್ನು ಯಾರೂ ಮಾಡಲ್ಲ, ಆದರೆ ಇದೇ ಮುಖ್ಯ. ಮೊದಲು ಮೇಲಿದ್ದ ಗುರುತು ಈಗ ಕೆಳಗೆ ಬಂದಿದೆ ಅಲ್ವಾ? ವ್ಯತ್ಯಾಸವೂ ಅದರ ಜೊತೆಗೇ ತಿರುಗಿದ್ದರೆ ಬಗ್ಗಿರುವುದು ರಿಮ್ಮು, ಆಕ್ಸಲ್ ಅಲ್ಲ. ಎರಡೂ ಸಲ ಹೆಚ್ಚುಕಮ್ಮಿ ಒಂದೇ ಬಂದರೆ ಅವುಗಳ ಸರಾಸರಿ ಹಿಡಿಯಿರಿ.

16 ಇಂಚಿನ ರಿಮ್ಮಿನಲ್ಲಿ 1 ಡಿಗ್ರಿ ಅಂದರೆ ಮೇಲೆ ಕೆಳಗಿನ ಅಂತರದಲ್ಲಿ ಸುಮಾರು 7–8 ಮಿ.ಮೀ. ವ್ಯತ್ಯಾಸ. ಹಳೇ ವಿಲ್ಲಿಸ್ ಮಾದರಿ ಜೀಪುಗಳಿಗೆ (ಮಹೀಂದ್ರದ ಜೀಪು ಇದರಿಂದಲೇ ಬಂದದ್ದು) ಕೊಟ್ಟಿರುವ ಕ್ಯಾಂಬರ್ 1.5 ಡಿಗ್ರಿ, ತಲೆ ಹೊರಗೆ. ಅಂದರೆ ಮೇಲ್ಗಡೆ ರಿಮ್ಮು ದಾರಕ್ಕೆ 11–12 ಮಿ.ಮೀ. ಹತ್ತಿರ ಇರಬೇಕು. ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ಸಿಕ್ಕರೆ ಅದರ ಅಂಕಿಯನ್ನೇ ಹಿಡಿಯಿರಿ. ಎಡಬಲಕ್ಕೆ ಅರ್ಧ ಡಿಗ್ರಿ ವ್ಯತ್ಯಾಸ ಇದ್ದರೆ ನಾನಂತೂ ತಲೆ ಕೆಡಿಸಿಕೊಳ್ಳಲ್ಲ. ಒಂದೂವರೆ ಎರಡು ಡಿಗ್ರಿ ಇದ್ದರೆ ಬಿಚ್ಚಲೇಬೇಕು.

ಬಗ್ಗಿರುವುದು ಎಲ್ಲಿ ಅಂತ ಅಳತೆಯೇ ಹೇಳುತ್ತೆ. ಎರಡೂ ಚಕ್ರದ ತಲೆ ಒಳಗೆ ವಾಲಿದ್ದರೆ ಗಾಡಿ ಎಗರಿ ಬಿದ್ದು ಟ್ಯೂಬಿನ ಎರಡೂ ತುದಿ ಮೇಲೆದ್ದಿದೆ. ಒಂದೇ ಕಡೆ ಆಗಿದ್ದರೆ ಆ ಕಡೆಯ ಸ್ಪ್ರಿಂಗ್ ಸೀಟಿಗೂ ನಕಲ್‌ಗೂ (ಆಕ್ಸಲ್ ತುದಿಯಲ್ಲಿ ಚಕ್ರವನ್ನು ಹಿಡಿದು ತಿರುಗಿಸುವ ಭಾಗ) ನಡುವೆ ನೋಡಿ, ಇಲ್ಲಾ ನಕಲ್ಲೇ ಬಗ್ಗಿರಬಹುದು. ನಿಮ್ಮದು ಈ ಒಂದೇ ಕಡೆಯದ್ದು ಅನಿಸುತ್ತೆ. ಕಲ್ಲಿಗೆ ಎದುರಿನಿಂದ ಗುದ್ದಿ ತುದಿ ಹಿಂದಕ್ಕೆ ಬಗ್ಗಿದ್ದರೆ ಕ್ಯಾಂಬರಿನಲ್ಲಿ ಏನೂ ಕಾಣಲ್ಲ, ಟೈ ರಾಡ್ ಅದನ್ನು ಮುಚ್ಚಿಹಾಕುತ್ತೆ. ಆಗ ಸುಳಿವು ಬೇರೆ: ಒಂದೇ ಕಡೆ ಆಯಿಲ್ ಸೀಲ್ ಪದೇ ಪದೇ ಹೋಗುತ್ತೆ, ಒಳಗಿನ ಶಾಫ್ಟು ತೆಗೆದು ಹಾಕುವಾಗ ಡಿಫರೆನ್ಶಿಯಲ್ ಒಳಗಿನ ಸ್ಪ್ಲೈನಿನ ಹಲ್ಲಿಗೆ ಕೂರದೆ ಸತಾಯಿಸುತ್ತೆ.

ಬಿಚ್ಚಿದ ಮೇಲೆ ಅನುಮಾನವೇ ಉಳಿಯದ ಪರೀಕ್ಷೆ ದಾರದ್ದು. ಶಾಫ್ಟು, ಡಿಫರೆನ್ಶಿಯಲ್ ಎರಡೂ ಹೊರಗೆ ಬರಲಿ. ಲೇತ್ ಅಂಗಡಿಯಲ್ಲಿ ಟ್ಯೂಬಿನ ಎರಡು ಬಾಯಿಗೂ, ಡಿಫರೆನ್ಶಿಯಲ್ ಬೇರಿಂಗ್ ಕೂರುವ ಎರಡು ಜಾಗಕ್ಕೂ ಸರಿಯಾಗಿ ಕೂರುವ ಬಿಲ್ಲೆ ಮಾಡಿಸಿಕೊಳ್ಳಿ. ನಾಲ್ಕಕ್ಕೂ ನಟ್ಟನಡುವೆ 2 ಮಿ.ಮೀ. ತೂತು ಇರಬೇಕು. ತುದಿಯಿಂದ ತುದಿಗೆ ಮೀನಿನ ಗಾಳದ ದಾರ ಬಿಗಿಯಾಗಿ ಎಳೆದು, ಮಧ್ಯದ ಎರಡು ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿ. ದಾರ ಯಾವ ಕಡೆ ಅಂಚಿಗೆ ಒರಗಿದೆ ಅನ್ನುವುದರಲ್ಲೇ ಟ್ಯೂಬು ಯಾವ ದಿಕ್ಕಿಗೆ ಬಗ್ಗಿದೆ ಅಂತ ಗೊತ್ತಾಗುತ್ತೆ. ದಾರ ನೇರ ಹೋಯಿತಾ? ಹಾಗಾದರೆ ಹೌಸಿಂಗ್ ಬಿಟ್ಟು ನಕಲ್, ಹಬ್ ಕೂರುವ ಸ್ಪಿಂಡಲ್ ನೋಡಿ.

ಆಗಲೇ ಬಿರುಕನ್ನೂ ನೋಡಿಬಿಡಿ. ಟ್ಯೂಬು ಮಧ್ಯದ ಎರಕದ ಗುಂಡಿಗೆಗೆ ಸೇರುವ ಕಡೆ ಚೆನ್ನಾಗಿ ತೊಳೆದು, ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಸ್ವಲ್ಪ ಹೊತ್ತಿಗೆ ಎಣ್ಣೆ ಗೆರೆಯಾಗಿ ಮೇಲೆ ಬರುತ್ತೆ.

ಟ್ಯೂಬು ಸ್ವಲ್ಪ ಬಗ್ಗಿದ್ದರೆ ಪ್ರೆಸ್ಸಿನಲ್ಲಿ ತಣ್ಣಗೆ ಎತ್ತಿಸಬಹುದು, ದಾರ ಹಾಕಿ ನೋಡುತ್ತಾ ನೋಡುತ್ತಾ. ಗ್ಯಾಸ್ ಹಚ್ಚಿ ಕೆಂಪು ಮಾಡಿ ಬಡಿಯುವವರ ಹತ್ತಿರ ಕೊಡಬೇಡಿ. ಮಾಮೂಲಿ ಲಾರಿಗಳಲ್ಲಿ ಮುಂದೆ ಹೌಸಿಂಗ್ ಇರಲ್ಲ, ಗಟ್ಟಿ ಐ ಬೀಮ್ ಇರುತ್ತೆ. ಅದಕ್ಕಂತೂ ಬೆಂಕಿ ತೋರಿಸಲೇಬಾರದು, ಕಾಯಿಸಿದರೆ ಅದರ ಹದ ಹೋಗುತ್ತೆ. ಬಿರುಕು ಇದ್ದರೆ, ಇಲ್ಲಾ ಎರಕದಿಂದ ಟ್ಯೂಬೇ ಸಡಿಲವಾಗಿದ್ದರೆ ಬೇರೆ ಹೌಸಿಂಗ್ ತರುವುದೇ ಸರಿ. ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹೋದರೂ ಆ ನಾಲ್ಕು ಬಿಲ್ಲೆ, ಗಾಳದ ದಾರ ಜೇಬಿನಲ್ಲಿರಲಿ. ಅಲ್ಲಿಗೆ ಬರುವ ಮಾಲೂ ಎಲ್ಲೋ ಬಿದ್ದ ಗಾಡಿಯದ್ದೇ ಇರಬಹುದು.