ತಂದೆ ಹೋದ ಮೇಲೆ ಮಂಕಾದ ಅಮ್ಮ: ಇದು ದುಃಖವೇ, ಖಿನ್ನತೆಯೇ?

ತಂದೆ ತೀರಿಕೊಂಡು 8 ತಿಂಗಳಾಗಿದೆ, 72 ವರ್ಷದ ಅಮ್ಮ ಅಳುವುದೂ ಇಲ್ಲ, ಊಟ ಸೇರುತ್ತಿಲ್ಲ, ಮರೆವು ಹೆಚ್ಚಿದೆ, ಕಾಲವೇ ಸರಿಮಾಡುತ್ತದೆಂದು ಸುಮ್ಮನಿರಬಹುದೇ ಎಂದು ಕೇಳಿದ್ದೀರಿ. ಸುಮ್ಮನಿರಬೇಡಿ.

ಅಮ್ಮ ಹೋದಾಗ ನನ್ನ ತಂದೆಯೂ ಅಳಲಿಲ್ಲ. ಹೊಟ್ಟೆ ಉರಿ, ಮಂಡಿ ನೋವು, ಮಲಬದ್ಧತೆ, ಇಷ್ಟೇ ಮಾತು. ಬೆಳಗಿನ ಜಾವವೇ ಎಚ್ಚರವಾಗಿ ಗೋಡೆ ನೋಡುತ್ತ ಕೂರುತ್ತಿದ್ದರು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಕೊರೆದುಕೊಂಡಿದ್ದರು; ಅವರ ತೂಕ ಇಳಿದದ್ದು ನಮಗೆ ತಿಳಿದದ್ದೇ ಅದರಿಂದ. ಬಂದವರೆಲ್ಲ ‘ಈ ವಯಸ್ಸಿಗೆ ಇದೆಲ್ಲ ಸಹಜ’ ಎಂದು ಹೇಳಿ ಹೋದರು. ಆ ಮಾತು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ದುಃಖ ಸಹಜ, ಒಪ್ಪೋಣ. ಖಿನ್ನತೆ ಕಾಯಿಲೆ; ಎಂಬತ್ತರಲ್ಲೂ ಅದಕ್ಕೆ ಚಿಕಿತ್ಸೆಯಿದೆ.

ದುಃಖ ಅಲೆಯಲೆಯಾಗಿ ಬರುತ್ತದೆ, ನಡುವೆ ಮೊಮ್ಮಗುವಿನ ತುಂಟತನಕ್ಕೆ ನಗುವೂ ಬರುತ್ತದೆ. ಖಿನ್ನತೆಯಲ್ಲಿ ಯಾವುದೂ ಒಳಗಿಳಿಯುವುದಿಲ್ಲ. ‘ನಾನು ಎಲ್ಲರಿಗೂ ಹೊರೆ’ ಎಂಬ ಮಾತು ಶುರುವಾಗುತ್ತದೆ. ಎರಡೂ ಒಟ್ಟಿಗೇ ಇರಬಹುದು. ಸಾವಿನ ನಂತರದ ಎರಡು ತಿಂಗಳೊಳಗಿನ ಇಂಥ ಲಕ್ಷಣಗಳನ್ನು ಸಾಮಾನ್ಯವಾಗಿ ಖಿನ್ನತೆಯೆಂದು ಎಣಿಸಬಾರದೆಂಬ ನಿಯಮ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿತ್ತು. 2013ರಲ್ಲಿ ಅದನ್ನೂ ತೆಗೆದುಹಾಕಿದರು. ನಿಮ್ಮಲ್ಲಿ ಎಂಟು ತಿಂಗಳೇ ಕಳೆದಿದೆ.

ಮನೋವೈದ್ಯರೆಂದರೆ ಅಮ್ಮ ಒಪ್ಪಲಿಕ್ಕಿಲ್ಲ. ನನ್ನ ತಂದೆ ಹೊಟ್ಟೆ ತೋರಿಸಲು ಹೊರಟರು, ಮಾತು ಅಲ್ಲಿಂದ ಮುಂದುವರಿಯಿತು. ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ. ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಯ್ದು ತೋರಿಸಿ. ಖಿನ್ನತೆಯಿಂದಲೂ ಮರೆವು ಬರುತ್ತದೆ, ಆದ್ದರಿಂದ ಅದನ್ನು ತಕ್ಷಣವೇ ಅರಳುಮರುಳು ಎಂದುಕೊಳ್ಳಬೇಡಿ. ಆಪ್ತಸಮಾಲೋಚನೆಯೊಂದರಿಂದಲೇ ಚೇತರಿಸಿಕೊಳ್ಳುವವರಿದ್ದಾರೆ. ಮಾತ್ರೆ ಬೇಕಾದರೆ ಹಿರಿಯರಿಗೆ ಕಡಿಮೆ ಪ್ರಮಾಣದಲ್ಲಿ ಆರಂಭಿಸುತ್ತಾರೆ. ಗುಣ ಕಾಣಲು ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಕೆಲವು ಮಾತ್ರೆಗಳಿಂದ ರಕ್ತದ ಸೋಡಿಯಂ ಇಳಿಯುವುದುಂಟು, ಆ ಪರೀಕ್ಷೆಯ ಬಗ್ಗೆ ನೀವಾಗಿಯೇ ಕೇಳಿ. ನಿದ್ದೆ ಮಾತ್ರೆಯನ್ನು ಮಾತ್ರ ಸ್ವಂತವಾಗಿ ಕೊಡಿಸಬೇಡಿ; ರಾತ್ರಿ ಎದ್ದಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಅದು ಬೇರೆಯೇ ಕಥೆ.

ಇನ್ನೊಂದು ವಿಷಯ. ‘ಸಾಯಬೇಕು ಅನಿಸುತ್ತದೆಯೇ?’ ಎಂದು ಅಮ್ಮನನ್ನು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ತಂದೆಯವರ ಉಳಿದ ಮಾತ್ರೆಗಳು ಇನ್ನೂ ಕಪಾಟಿನಲ್ಲಿದ್ದರೆ ಇವತ್ತೇ ಮನೆಯಿಂದ ಆಚೆ ಹಾಕಿ.